ಹಾಲಿಗೆ ಅಳತೆ ಇದೆ, ದಾನಕ್ಕೂ ಇರಲಿ



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಬೆದೆಯ ಲಕ್ಷಣ, ಖನಿಜ ಮಿಶ್ರಣ, ಲಸಿಕೆ ಎಂದು ಬರೆಯುವವಳು. ಈ ಸಲ ದನದ ವಿಷಯ ಬಿಟ್ಟು ದಾನದ ವಿಷಯ ಬರೆಯುತ್ತಿದ್ದೇನೆ. ಡಾಕ್ಟ್ರಮ್ಮನಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಹೇಳಿಕೊಂಡೇ ಶುರು ಮಾಡುತ್ತೇನೆ.

2024ರ ಜುಲೈ 30ರ ಬೆಳಗಿನ ಜಾವ ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳು ಮಣ್ಣುಪಾಲಾದವು. ಟಿವಿಯಲ್ಲಿ ಅದನ್ನು ನೋಡಿ ನಾವೆಲ್ಲ ಮರುಗಿದೆವು. ಅದಾಗಿ ಹತ್ತು ಹನ್ನೆರಡು ದಿನಕ್ಕೆ ಗುಬ್ಬಿ ತಾಲ್ಲೂಕಿನ ಒಂದು ಊರಿಗೆ ಬೆಳಿಗ್ಗೆ ತುರ್ತು ಚಿಕಿತ್ಸೆಗೆಂದು ಹೋಗಿದ್ದೆ. ಕರು ಹಾಕಿ ಎರಡು ದಿನವಾಗಿದ್ದ ಹಸು ಹಾಲು ಜ್ವರ ಬಂದು ಮಲಗಿತ್ತು. ಕ್ಯಾಲ್ಸಿಯಂ ಕೊಟ್ಟು, ಅದು ಎದ್ದು ನಿಂತ ಮೇಲೆ ಡೈರಿ ಹತ್ತಿರ ಬಂದರೆ ಅಲ್ಲೊಂದು ವ್ಯಾನು ನಿಂತಿತ್ತು. ವ್ಯಾನಿಗೆ ಬ್ಯಾನರು, ಬ್ಯಾನರಿನ ಮೇಲೆ ವಯನಾಡಿನ ಫೋಟೋ, ಮೈಕಿನಲ್ಲಿ ಮನಕರಗುವ ಹಾಡು. ಮೂವರು ಹುಡುಗರು ಡಬ್ಬಿ ಹಿಡಿದು ಹಾಲು ಹಾಕಲು ಬಂದವರ ಮುಂದೆ ನಿಂತಿದ್ದರು.

ಬಟವಾಡೆ ಆಗಿ ಎರಡು ದಿನವಾಗಿತ್ತು. ಕೈಯಲ್ಲಿ ಕಾಸಿತ್ತು. ಆದರೂ ನಾಲ್ಕೈದು ಜನ ಅನುಮಾನದಿಂದ ನನ್ನ ಮುಖ ನೋಡಿದರು. ಒಬ್ಬ ಹಿರಿಯಕ್ಕ ಬಾಯಿಬಿಟ್ಟು ಕೇಳಿದರು: "ಕೊಡಬೌದಾ ಡಾಕ್ಟ್ರಮ್ಮ?"

ನಾನು ಗಡಿಬಿಡಿಯಲ್ಲಿದ್ದೆ. ಮುಂದಿನ ಊರಿನಿಂದ ಎರಡು ಸಲ ಫೋನ್ ಬಂದಿತ್ತು. "ಪುಣ್ಯದ ಕೆಲಸ, ಕೊಡಿ" ಎಂದುಬಿಟ್ಟೆ. ಎಲ್ಲರೆದುರು ನಾನೂ ಐನೂರರ ನೋಟು ಹಾಕಿದೆ. ಅವರನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಕಾರ್ಯದರ್ಶಿ ಹೇಳಿದ ಪ್ರಕಾರ ಆ ಬೆಳಿಗ್ಗೆ ಆ ಒಂದೇ ಡೈರಿಯಲ್ಲಿ ಸೇರಿದ್ದು 18,600 ರೂಪಾಯಿ. ರಸೀದಿ ಇಲ್ಲ. ಒಂದು ಫೋನ್ ನಂಬರ್ ಬರೆದುಕೊಟ್ಟು ಹೋಗಿದ್ದರು. ತಿಂಗಳ ನಂತರ ಆ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಆ ಹುಡುಗರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಅವರು ಆ ದುಡ್ಡನ್ನು ನಿಯತ್ತಾಗಿ ತಲುಪಿಸಿರಲೂಬಹುದು. ನಮಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಯಾವ ದಾರಿಯನ್ನೂ ನಾವು ಉಳಿಸಿಕೊಂಡಿರಲಿಲ್ಲ.

ಇದರ ಬೆಲೆ ಏನೆಂದು ನನಗೆ ತಿಳಿದದ್ದು 2025ರ ಏಪ್ರಿಲ್‌ನಲ್ಲಿ. ಮುಂಗಾರಿಗೆ ಮುಂಚಿನ ಮಳೆ ಬಂದ ಒಂದು ಸಂಜೆ ಅದೇ ಊರಿನಲ್ಲಿ ಹುಣಸೆ ಮರದ ಕೆಳಗೆ ಕಟ್ಟಿದ್ದ ಎರಡು ಹಸು ಸಿಡಿಲು ಬಡಿದು ಸತ್ತವು. ಗಂಡ ತೀರಿಕೊಂಡ ಹೆಂಗಸು, ಓದುವ ಇಬ್ಬರು ಮಕ್ಕಳು, ಮನೆ ನಡೆಯುತ್ತಿದ್ದದ್ದೇ ಆ ಎರಡು ಹಸುವಿನ ಹಾಲಿನಿಂದ. ವಿಮೆ ಇರಲಿಲ್ಲ. ಸರ್ಕಾರದ ಪರಿಹಾರಕ್ಕೆ ಅರ್ಜಿ ಹೋಯಿತು. ಅಲ್ಲಿಯವರೆಗೆ ಕೈ ಹಿಡಿಯೋಣ ಎಂದು ಕಾರ್ಯದರ್ಶಿ ಡೈರಿಯಲ್ಲಿ ಚಂದಾ ಎತ್ತಲು ಹೊರಟರೆ ಸೇರಿದ್ದು 2,300 ರೂಪಾಯಿ. ಕೇಳಿದರೆ ಒಂದೇ ಉತ್ತರ: "ಹೋದ್ಸಲ ಕೊಟ್ಟಿದ್ದು ಎಲ್ಲೋಯ್ತು ಅಂತ ಯಾರಾದ್ರೂ ಹೇಳಿದ್ರಾ? ಈ ಕೊಡೋ ಗೋಜೇ ಬ್ಯಾಡ."

ಗುರುತಿಲ್ಲದ ವ್ಯಾನಿಗೆ ಹದಿನೆಂಟು ಸಾವಿರ ಕೊಟ್ಟ ಊರು ಪಕ್ಕದ ಮನೆಯವಳಿಗೆ ಎರಡು ಸಾವಿರಕ್ಕೆ ಕೈ ಹಿಂದೆಗೆಯಿತು. ಕೆಟ್ಟ ಮನಸ್ಸಿನಿಂದಲ್ಲ, ನಂಬಿಕೆ ಹೋಗಿತ್ತು, ಅಷ್ಟೇ. ಆ ನಂಬಿಕೆ ಹೋಗುವುದರಲ್ಲಿ "ಕೊಡಿ" ಎಂದ ನನ್ನ ಪಾಲೂ ಇದೆ. ಅದಕ್ಕೇ ಈ ಬರಹ.

ಡೈರಿಯಲ್ಲಿ ಮಾಡುವುದನ್ನೇ ಇಲ್ಲೂ ಮಾಡಿ

ನನ್ನ ಅಭಿಪ್ರಾಯ ಇಷ್ಟು. ಕೊಡುವುದನ್ನು ನಿಲ್ಲಿಸಬೇಡಿ, ಅಳೆಯದೆ ಕೊಡುವುದನ್ನು ನಿಲ್ಲಿಸಿ. ಅಳೆಯುವುದು ಹೇಗೆ ಎಂದು ನಿಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ದಿನಕ್ಕೆರಡು ಸಲ ನೀವು ಅದನ್ನು ಮಾಡುತ್ತಲೇ ಇದ್ದೀರಿ.

ಯೋಚಿಸಿ ನೋಡಿ. ಡೈರಿಯಲ್ಲಿ ನಿಮ್ಮ ಹಾಲನ್ನು ನಿಮ್ಮ ಕಣ್ಣೆದುರೇ ಅಳೆಯಬೇಕು. ಡಿಗ್ರಿ ಅರ್ಧ ಕಡಿಮೆ ಬಂದರೆ "ಇನ್ನೊಂದ್ಸಲ ನೋಡವ್ವ" ಎಂದು ಪರೀಕ್ಷಕಿಯ ಹತ್ತಿರ ಜಗಳಕ್ಕೆ ನಿಲ್ಲುತ್ತೀರಿ. ಎಷ್ಟು ಲೀಟರ್, ಎಷ್ಟು ಜಿಡ್ಡು ಎಂದು ಚೀಟಿ ಬರಬೇಕು. ಬಟವಾಡೆಯಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಕೇಳಲು ಒಬ್ಬ ಕಾರ್ಯದರ್ಶಿ ಇದ್ದಾರೆ, ಅವರ ಮನೆ ಎಲ್ಲಿದೆ ಎಂದು ನಿಮಗೆ ಗೊತ್ತು. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಲೆಕ್ಕ ಓದಬೇಕು, ಅದನ್ನು ಆಡಿಟರ್ ನೋಡಿರಬೇಕು.

ನಂಬಿಕೆ ಇಲ್ಲದ್ದಕ್ಕೆ ಇದನ್ನೆಲ್ಲ ಮಾಡುತ್ತಿಲ್ಲ. ಇದೆಲ್ಲ ಇರುವುದರಿಂದಲೇ ಸಂಘದ ಮೇಲೆ ನಂಬಿಕೆ ಉಳಿದಿದೆ. ಹಾಗಿದ್ದ ಮೇಲೆ ಪರಿಹಾರದ ಹೆಸರಿನಲ್ಲಿ ಬಂದವರಿಗೂ ಇದೇ ನಾಲ್ಕು ಪ್ರಶ್ನೆ ಯಾಕೆ ಹಾಕಬಾರದು?

ಮೊದಲನೆಯದು, ನೀವು ಯಾರು? ಸಂಸ್ಥೆಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಕಚೇರಿ ಎಲ್ಲಿದೆ ಎಂದು ಕೇಳಿ. ನಿಯತ್ತಿನ ಸಂಸ್ಥೆ ಇದನ್ನು ಕೇಳಿದರೆ ಸಿಟ್ಟಾಗುವುದಿಲ್ಲ. "ಜನ ಸಾಯ್ತಾ ಇದ್ದಾರೆ, ನೀವು ದಾಖಲೆ ಕೇಳ್ತೀರಾ?" ಎಂದು ನಿಮ್ಮನ್ನೇ ನಾಚಿಕೆಪಡಿಸಲು ನೋಡಿದರೆ ಅಲ್ಲಿಗೇ ನಿಲ್ಲಿಸಿ.

ಎರಡನೆಯದು, ರಸೀದಿ ಎಲ್ಲಿ? ಹತ್ತು ರೂಪಾಯಿ ಆದರೂ ಸರಿ, ಮುದ್ರಿತ ಸಂಖ್ಯೆ ಇರುವ ರಸೀದಿ ಬೇಕು. ಆದಾಯ ತೆರಿಗೆಯ 80ಜಿ ಎಂಬ ಸೌಲಭ್ಯ ಪಡೆದ ಸಂಸ್ಥೆಯಾದರೆ ಆ ವಿವರವೂ ರಸೀದಿಯಲ್ಲಿ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಆದಾಯ ತೆರಿಗೆ ಕಟ್ಟುವವರಲ್ಲ. ಆದರೂ ಆ ಸಂಖ್ಯೆ ಕೇಳುವುದರಿಂದ ಲಾಭವಿದೆ. ಅದು ಇರುವ ಸಂಸ್ಥೆ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕು. ಅಂಥ ಸಂಸ್ಥೆಗಳ ಹೆಸರನ್ನು ಇಲಾಖೆಯ ಜಾಲತಾಣದಲ್ಲಿ ಹುಡುಕಬಹುದು. ನೀತಿ ಆಯೋಗದ ಎನ್‌ಜಿಒ ದರ್ಪಣ್ ಎಂಬ ಜಾಲತಾಣದಲ್ಲೂ ಸ್ವಯಂಸೇವಾ ಸಂಸ್ಥೆಗಳ ವಿವರ ಸಿಗುತ್ತದೆ. ನಿಮ್ಮ ಕಾಲೇಜು ಓದುವ ಮಗಳ ಕೈಗೆ ಫೋನ್ ಕೊಟ್ಟರೆ ಐದು ನಿಮಿಷದ ಕೆಲಸ. ಇನ್ನೊಂದು ವಿಷಯ, ಪಟ್ಟಣದಲ್ಲಿ ಕೆಲಸ ಮಾಡುವ ನಿಮ್ಮ ಮಕ್ಕಳು ತೆರಿಗೆ ವಿನಾಯಿತಿ ಪಡೆಯಬೇಕೆಂದರೆ 2,000 ರೂಪಾಯಿಗಿಂತ ಹೆಚ್ಚಿನ ದಾನವನ್ನು ನಗದಾಗಿ ಕೊಟ್ಟರೆ ನಡೆಯುವುದಿಲ್ಲ, ಚೆಕ್ಕು ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು.

ಆದರೆ ನೋಂದಣಿ ಸಂಖ್ಯೆ ಇದ್ದ ಮಾತ್ರಕ್ಕೆ ಎಲ್ಲ ಸರಿ ಎಂದುಕೊಳ್ಳಬೇಡಿ. ನಾವು ಹಸುವಿನ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕುತ್ತೇವಲ್ಲ, ಅದು ಹಸು ಯಾರದ್ದು ಎಂದು ಹೇಳುತ್ತದೆ, ಎಷ್ಟು ಹಾಲು ಕೊಡುತ್ತದೆ ಎಂದು ಹೇಳುವುದಿಲ್ಲ. ನೋಂದಣಿಯೂ ಹಾಗೆಯೇ.

ಆದ್ದರಿಂದ ಮೂರನೆಯ ಪ್ರಶ್ನೆ: ಈ ಕೆಲಸ ನೀವು ಹಿಂದೆ ಎಲ್ಲಿ ಮಾಡಿದ್ದೀರಿ? ಅಲ್ಲಿ ನಿಮ್ಮ ಜನ ಇದ್ದಾರಾ? ಹಸು ಕೊಳ್ಳುವಾಗ ಹಿಂದಿನ ಸೂಲಿನಲ್ಲಿ ಎಷ್ಟು ಕರೆದಿತ್ತು ಎಂದು ಕೇಳುವುದಿಲ್ಲವೇ? ಗುಡ್ಡ ಕುಸಿದ ಮೇಲೆ ಹುಟ್ಟಿಕೊಂಡ ಸಂಸ್ಥೆಗಿಂತ ಆ ಜಿಲ್ಲೆಯಲ್ಲೇ ವರ್ಷಗಳಿಂದ ಶಾಲೆಯನ್ನೋ ಆಸ್ಪತ್ರೆಯನ್ನೋ ಸಹಕಾರ ಸಂಘವನ್ನೋ ನಡೆಸುತ್ತಿರುವವರಿಗೆ ಯಾರ ಮನೆ ಬಿದ್ದಿದೆ ಎಂಬುದು ಗೊತ್ತಿರುತ್ತದೆ. ಸಿದ್ಧಗಂಗಾ ಮಠಕ್ಕೆ ನಮ್ಮ ಸುತ್ತಿನ ರೈತರು ಕೇಳದೆಯೇ ರಾಗಿ, ತೆಂಗಿನಕಾಯಿ ಕೊಟ್ಟುಬರುತ್ತಾರೆ. ಯಾಕೆಂದರೆ ಅಲ್ಲಿ ದಿನವೂ ಸಾವಿರಾರು ಮಕ್ಕಳು ಊಟಕ್ಕೆ ಕೂರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ದೂರದ ಊರಿಗೆ ಕೊಡುವಾಗ ಹಾಗೆ ನೋಡಲು ಆಗುವುದಿಲ್ಲ. ಅದಕ್ಕೇ ಹಿಂದಿನ ಕೆಲಸದ ಬಗ್ಗೆ ಕೇಳಬೇಕು.

ನಾಲ್ಕನೆಯದು, ಕೊಟ್ಟ ಮೇಲೆ ಲೆಕ್ಕ ಯಾವಾಗ ಹೇಳುತ್ತೀರಿ? ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಕೇಳಿದರೆ ದಾನ ಕೊಟ್ಟು ಲೆಕ್ಕ ಕೇಳಿದರು ಎನ್ನುತ್ತಾರೆ ಎಂಬ ಅಳುಕು. ಅಳುಕು ಬೇಡ. ಮೂರು ತಿಂಗಳಾದ ಮೇಲೆ ಒಂದು ಪತ್ರ, ಎರಡು ಫೋಟೋ, ಇಷ್ಟು ಬಂತು ಇಷ್ಟು ಖರ್ಚಾಯಿತು ಎಂಬ ಒಂದು ಹಾಳೆ. ಇಷ್ಟು ಕೊಡಲಾಗದವರು ನಿಮ್ಮ ದುಡ್ಡನ್ನು ಹೇಗೆ ನಿಭಾಯಿಸಿಯಾರು?

ಪಡೆಯುವವರಿಗೆ ಏನು ಬೇಕು?

ಕೊಟ್ಟದ್ದು ತಲುಪಿದರೂ ಉಪಯೋಗಕ್ಕೆ ಬರದೆ ಹೋಗಬಹುದು. ಇದನ್ನು ನಾನು ಕಲಿತದ್ದು 2019ರಲ್ಲಿ.

ಆ ವರ್ಷ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ಮುಳುಗಿದ್ದವು. ನಾನು ಕೆಲಸಕ್ಕೆ ಸೇರಿದ ಹೊಸತು. ನೀರು ಇಳಿದ ಮೇಲೆ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯ ಗೆಳತಿಯರೊಂದಿಗೆ ಮಲಪ್ರಭೆಯ ದಡದ ಒಂದು ಊರಿಗೆ ಜಾನುವಾರು ಚಿಕಿತ್ಸೆಗೆ ಹೋಗಿದ್ದೆ. ನೀರು ಏರುವಾಗ ಹಗ್ಗ ಬಿಚ್ಚಿ ಬಿಟ್ಟ ದನಗಳು ಈಜಿ ಬದುಕಿದ್ದವು. ಕಟ್ಟಿದಲ್ಲೇ ಉಳಿದವು ಕೊಟ್ಟಿಗೆಯಲ್ಲೇ ಸತ್ತಿದ್ದವು. ಬದುಕಿದವುಗಳ ಗೊರಸು ಕೊಳೆತಿತ್ತು, ದಿನಗಟ್ಟಲೆ ಹಾಲು ಕರೆಯದೆ ಕೆಚ್ಚಲು ಕಲ್ಲಾಗಿತ್ತು. ಹೊಟ್ಟು, ಕಣಿಕೆ ಎಲ್ಲ ಕೊಚ್ಚಿಹೋಗಿತ್ತು ಇಲ್ಲವೇ ಬೂಷ್ಟು ಹಿಡಿದಿತ್ತು.

ಊರ ಶಾಲೆಯ ಜಗಲಿಯ ಮೇಲೆ ಬಟ್ಟೆಯ ರಾಶಿ ಬಿದ್ದಿತ್ತು. ಲಾರಿಗಟ್ಟಲೆ ಬಂದ ಹಳೆ ಬಟ್ಟೆ, ಮಳೆಯಲ್ಲಿ ನೆನೆದು ನಾರುತ್ತಿತ್ತು. ಕೆಲವು ಹರಿದವು. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಸೀರಿ ಬ್ಯಾಡ ಯವ್ವಾ, ಐದು ಸೀರಿ ಕೊಟ್ಟಾರ. ನಮ್ಮ ಎಮ್ಮಿಗೆ ಒಂದ್ ಹೊರಿ ಕಣಕಿ ಕೊಡಸ್ತೀಯೇನ?"

ಐದು ಸೀರೆ ಕಳಿಸಿದವರು ಯಾರೂ ಕೆಟ್ಟವರಲ್ಲ. ನಮ್ಮ ನಿಮ್ಮಂಥವರೇ. ಆದರೆ ಏನು ಬೇಕು ಎಂದು ಯಾರೂ ಕೇಳಿರಲಿಲ್ಲ. ಆ ಬಟ್ಟೆ ತುಂಬಿದ ಲಾರಿಯ ಡೀಸೆಲ್ ದುಡ್ಡಿಗೇ ಊರಿನ ಎಮ್ಮೆಗಳಿಗೆ ವಾರದ ಮೇವು ಬರುತ್ತಿತ್ತು. ಲಾರಿಗಳು ರಸ್ತೆ ಬದಿಯ ಊರುಗಳಲ್ಲೇ ಖಾಲಿಯಾಗುತ್ತಿದ್ದವು. ಒಳಗಿನ ಊರಿಗೆ ಬರುವಷ್ಟರಲ್ಲಿ ಉಳಿಯುತ್ತಿದ್ದದ್ದು ಇಂಥದ್ದೇ.

ಅದಕ್ಕೂ ಒಂದು ವರ್ಷ ಮುಂಚೆ, 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ರಾಜ್ಯದ ಮೂಲೆಮೂಲೆಯಿಂದ ಸಾಮಾನು ಹರಿದು ಬಂದಿತ್ತು. ಅಷ್ಟೊಂದು ಸಾಮಾನು ಬಂದರೆ ಅದನ್ನು ಇಳಿಸಲು, ವಿಂಗಡಿಸಲು, ಕೆಡದಂತೆ ಇಡಲು ಜನ ಬೇಕು, ಜಾಗ ಬೇಕು. ಆ ಹೊತ್ತಿನಲ್ಲಿ ಅಲ್ಲಿ ಕೊರತೆ ಇರುವುದೇ ಅವೆರಡಕ್ಕೆ.

ಹಾಗಾಗಿ ನನ್ನ ಮಾತು ಇದು. ಅಲ್ಲಿಂದ ಯಾರಾದರೂ ಇಂಥದ್ದು ಬೇಕು ಎಂದು ಕೇಳಿದ ಹೊರತು ಸಾಮಾನು ಕಳಿಸಬೇಡಿ, ದುಡ್ಡು ಕೊಡಿ. ದುಡ್ಡನ್ನು ಅಲ್ಲಿ ಬೇಕಾದ್ದಕ್ಕೆ ತಿರುಗಿಸಬಹುದು. ಅಲ್ಲಿನ ಅಂಗಡಿಯಲ್ಲೇ ಕೊಂಡರೆ ಆ ಅಂಗಡಿಯವನೂ ಚೇತರಿಸಿಕೊಳ್ಳುತ್ತಾನೆ.

ಇನ್ನೊಂದು, ಎಲ್ಲವನ್ನೂ ಮೊದಲ ವಾರವೇ ಕೊಟ್ಟು ಮುಗಿಸಬೇಡಿ. 2009ರಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗ ದಾನಿಗಳ ಜೊತೆ ಸೇರಿ ಮನೆ ಕಟ್ಟಿಕೊಡಲು ಸರ್ಕಾರ 'ಆಸರೆ' ಎಂಬ ಯೋಜನೆ ಮಾಡಿತ್ತು. ನೀರು ಇಳಿಯಲು ವಾರ ಸಾಕು, ಮನೆ ಏಳಲು ವರ್ಷಗಳು ಬೇಕು. ಹಸುವಿನ ಲೆಕ್ಕವೂ ಅಷ್ಟೇ. ವಿಕೋಪ ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾರ್ಗಸೂಚಿಯಲ್ಲಿ ಸತ್ತ ಹಾಲಿನ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಕರುವಿಗೆ 20,000, ಕುರಿ ಮೇಕೆಗೆ 4,000 ರೂಪಾಯಿ ಎಂದು ಗೊತ್ತುಪಡಿಸಿದ್ದಾರೆ. ಅದಕ್ಕೂ ಮಿತಿ ಇದೆ, ದೊಡ್ಡ ಹಾಲಿನ ರಾಸಾದರೆ ಒಂದು ಮನೆಗೆ ಮೂರರವರೆಗೆ. ಈ ದುಡ್ಡಿಗೆ ಒಂದು ಒಳ್ಳೆಯ ಮಿಶ್ರತಳಿ ಹಸು ಬರುತ್ತದೆಯೇ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಆ ಉಳಿದ ದುಡ್ಡಿಗೆ ಅವರು ಪರದಾಡುವುದು ಮೂರನೆಯ ತಿಂಗಳಿನಲ್ಲಿ. ಅಷ್ಟರಲ್ಲಿ ಟಿವಿಯವರು ಬೇರೆ ಸುದ್ದಿಗೆ ಹೋಗಿರುತ್ತಾರೆ, ನಾವೂ ಮರೆತಿರುತ್ತೇವೆ.

ಫೋನಿನಲ್ಲಿ ಬರುವ ಮೋಸ

ಈಗ ವ್ಯಾನಿಗಿಂತ ಹೆಚ್ಚಾಗಿ ವಾಟ್ಸಾಪ್‌ನಲ್ಲಿ ಬೇಡಿಕೆ ಬರುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಪ್ರಧಾನ ಮಂತ್ರಿಯವರ ಹೆಸರಿನ ಪಿಎಂ ಕೇರ್ಸ್ ನಿಧಿ ಶುರುವಾಯಿತು. ಅದು ಶುರುವಾದ ಒಂದೆರಡು ದಿನದಲ್ಲೇ ಕಳ್ಳರು ಅದೇ ಥರದ ಇನ್ನೊಂದು ಯುಪಿಐ ವಿಳಾಸ ಮಾಡಿಕೊಂಡಿದ್ದರು. ವ್ಯತ್ಯಾಸ ಇದ್ದದ್ದು ಒಂದೇ ಅಕ್ಷರ: ನಿಜವಾದದ್ದರಲ್ಲಿ 'ಕೇರ್ಸ್', ಕಳ್ಳರದ್ದರಲ್ಲಿ 'ಕೇರ್'. ವಯನಾಡಿನ ದುರಂತದ ಹೊತ್ತಿನಲ್ಲಿ ದುರುಪಯೋಗದ ಭಯದಿಂದ ಕೇರಳ ಸರ್ಕಾರವೇ ತನ್ನ ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನು ಹಿಂದಕ್ಕೆ ಪಡೆಯಿತು. ಯಾರೋ ಕಳಿಸಿದ ಚಿತ್ರದಲ್ಲಿರುವ ಕೋಡು ಅಸಲಿಯೋ ನಕಲಿಯೋ ಎಂದು ಕಣ್ಣಿನಲ್ಲಿ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ.

ಆದ್ದರಿಂದ ಫಾರ್ವರ್ಡ್ ಆಗಿ ಬಂದ ಕೋಡಿಗೆ, ಲಿಂಕಿಗೆ ದುಡ್ಡು ಹಾಕಬೇಡಿ, ಕಳಿಸಿದವರು ನಿಮ್ಮ ಸ್ವಂತ ತಮ್ಮನಾದರೂ. ಅವನಿಗೂ ಯಾರೋ ಕಳಿಸಿರುತ್ತಾರೆ. ಸಂಸ್ಥೆಯ ಖಾತೆ ವಿವರವನ್ನು ಅವರ ಕಚೇರಿಯಿಂದಲೋ ಅವರದೇ ಜಾಲತಾಣದಿಂದಲೋ ತೆಗೆದುಕೊಳ್ಳಿ. ಎಲ್ಲಿಯಾದರೂ ಸ್ಕ್ಯಾನ್ ಮಾಡಲೇಬೇಕಾಗಿ ಬಂದರೆ, ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತದೆ, ಅದನ್ನು ಓದಿ. ಸಂಸ್ಥೆಯ ಹೆಸರು ಬರಬೇಕಾದ ಕಡೆ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ಬಿಡಿ. ದುಡ್ಡು ಹೋಗಿಬಿಟ್ಟರೆ ನಾಚಿಕೊಂಡು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸಿದರೆ ಆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಖರ್ಚೇ ಇಲ್ಲ ಎನ್ನುವವರ ಬಗ್ಗೆ

ಕೆಲವರು "ನಮ್ಮಲ್ಲಿ ಒಂದು ಪೈಸೆಯೂ ಖರ್ಚಿಲ್ಲ, ನೂರಕ್ಕೆ ನೂರು ಸಂತ್ರಸ್ತರಿಗೇ" ಎಂದು ಹೇಳಿಕೊಳ್ಳುತ್ತಾರೆ. ಕೇಳಲು ಹಿತವಾಗಿರುತ್ತದೆ. ಆದರೆ ನಮ್ಮ ಸಂಘವನ್ನೇ ನೋಡಿ. ಕಾರ್ಯದರ್ಶಿಗೆ, ಪರೀಕ್ಷಕಿಗೆ ಸಂಬಳ ಕೊಡಬೇಕು. ಹಾಲಿನ ಗಾಡಿಗೆ ಬಾಡಿಗೆ ಇದೆ, ಶೀತಲೀಕರಣ ಘಟಕಕ್ಕೆ ಕರೆಂಟು ಬಿಲ್ಲು ಇದೆ. ಅದನ್ನು ಮೋಸ ಎಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ಲೆಕ್ಕದಲ್ಲಿ ಬರೆದಿರುತ್ತದೆ. ನೆರೆ ಬಂದ ಊರಿಗೆ ಔಷಧಿ ಹೋಗಬೇಕೆಂದರೂ ಗಾಡಿ ಬೇಕು, ಗಾಡಿಗೆ ಡೀಸೆಲ್ ಬೇಕು. ಖರ್ಚನ್ನು ಬರೆದು ತೋರಿಸುವವರು ಖರ್ಚೇ ಇಲ್ಲ ಎನ್ನುವವರಿಗಿಂತ ನಂಬಿಕಸ್ತರು ಎಂಬುದು ನನ್ನ ಅನುಭವ.

ಹಾಗಾದರೆ ಯಾರಿಗೆ ಕೊಡಬೇಕು? ಹುಡುಕಿ ನೋಡುವಷ್ಟು ಪುರುಸೊತ್ತು ಇಲ್ಲದಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಸಂಘದ ಹೆಸರಿನಲ್ಲಿ ಚೆಕ್ಕು ಕೊಡಿ. 1920ರ ಕಾಯ್ದೆಯಿಂದ ಸ್ಥಾಪನೆಯಾದ ಭಾರತೀಯ ರೆಡ್ ಕ್ರಾಸ್ ಸಂಸ್ಥೆಯೂ ಇದೆ. "ಸರ್ಕಾರಕ್ಕೆ ಕೊಟ್ಟರೆ ನಮ್ಮ ದುಡ್ಡು ಯಾರಿಗೆ ಹೋಯ್ತು ಅಂತ ಗೊತ್ತಾಗಲ್ಲ" ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಆ ಮಾತು ನಿಜ, ಇಂಥವರ ಮನೆಗೇ ಹೋಯಿತು ಎಂದು ತೋರಿಸಲು ಆಗುವುದಿಲ್ಲ. ಆದರೆ ರಸೀದಿ ಇರುತ್ತದೆ, ಕೇಳಲು ಒಂದು ಕಚೇರಿ ಇರುತ್ತದೆ. ಯಾರ ಮನೆಗೆ ಹೋಯಿತು ಎಂದೂ ಗೊತ್ತಾಗಬೇಕು ಎನ್ನುವವರು ಆ ಜಿಲ್ಲೆಯಲ್ಲೇ ಕೆಲಸ ಮಾಡುವ ಸಂಸ್ಥೆಯನ್ನು ಹುಡುಕಿ, ನಾಲ್ಕು ಪ್ರಶ್ನೆ ಕೇಳಿ, ಆಮೇಲೆ ಕೊಡಿ.

ಕುಣಿಗಲ್ ಕಡೆಯ ಒಂದು ನಡಾವಳಿ

ಇದೆಲ್ಲ ಹೇಳಲು ಸುಲಭ, ಹಾಲು ಹಾಕಿ ಹೊಲಕ್ಕೆ ಓಡುವವರಿಗೆ ಇದಕ್ಕೆಲ್ಲ ಹೊತ್ತೆಲ್ಲಿದೆ ಎಂದು ನನಗೂ ಅನ್ನಿಸಿತ್ತು. ಕುಣಿಗಲ್ ತಾಲ್ಲೂಕಿನ ಒಂದು ಮಹಿಳಾ ಸಂಘ ಅದನ್ನು ಮಾಡಿ ತೋರಿಸಿದೆ. ವಯನಾಡಿನ ಹೊತ್ತಿನಲ್ಲೇ ಆ ಊರಿಗೂ ಚಂದಾ ಕೇಳುವವರು ಬಂದಿದ್ದರು. ಅಧ್ಯಕ್ಷಿಣಿ ಅವರನ್ನು ಕೂರಿಸಿ ಟೀ ಕೊಟ್ಟು, "ಇವತ್ತು ಕೊಡೋಕಾಗಲ್ಲಪ್ಪ, ನಮ್ಮಲ್ಲಿ ಸಭೆ ಮಾಡಿ ಕೊಡೋ ಪದ್ಧತಿ" ಎಂದು ಕಳಿಸಿದರಂತೆ. ಅಲ್ಲಿಯವರೆಗೆ ಅಂಥ ಪದ್ಧತಿ ಇರಲಿಲ್ಲ. ಅದನ್ನು ಹೇಳುತ್ತಾ ಅವರು ನಕ್ಕರು. ಆದರೆ ಹೇಳಿದ ಮೇಲೆ ಮಾಡಲೇಬೇಕಲ್ಲ, ಆ ವಾರವೇ ಸಭೆ ಕರೆದರು. ಇಷ್ಟವಿದ್ದವರು ತಮ್ಮ ಬಟವಾಡೆಯಿಂದ ಇಷ್ಟು ಎಂದು ಹೇಳಿ ಹೆಬ್ಬೆಟ್ಟು ಇಲ್ಲವೇ ಸಹಿ ಹಾಕಿದರು. 11,000 ರೂಪಾಯಿ ಆಯಿತು. ಪರಿಹಾರ ನಿಧಿಗೆ ಚೆಕ್ಕು ಬರೆದರು. ಬಂದ ರಸೀದಿಯನ್ನು ಡೈರಿಯ ಗೋಡೆಗೆ, ಹಾಲಿನ ದರಪಟ್ಟಿಯ ಪಕ್ಕದಲ್ಲೇ ಅಂಟಿಸಿದ್ದಾರೆ. ನಾನು ಹೋದಾಗಲೆಲ್ಲ ನೋಡುತ್ತೇನೆ.

ಗುಬ್ಬಿಯ ಊರು ಕೊಟ್ಟದ್ದು ಇದಕ್ಕಿಂತ ಹೆಚ್ಚು. ಆದರೆ ಕುಣಿಗಲ್ಲಿನ ಆ ಸಂಘದಲ್ಲಿ ಆಮೇಲೆ ಒಬ್ಬರ ಬಣವೆಗೆ ಬೆಂಕಿ ಬಿದ್ದಾಗ ಮನೆಗೊಂದು ಹೊರೆ ರಾಗಿ ಹುಲ್ಲು ಕೇಳದೆಯೇ ಬಂತು.

ಇಲ್ಲಿ ಒಂದು ಮಾತನ್ನು ಸಂಘಗಳ ಆಡಳಿತ ಮಂಡಳಿಯವರಿಗೂ, ನಾವು ಒಕ್ಕೂಟದಲ್ಲಿ ಕೆಲಸ ಮಾಡುವವರಿಗೂ ಸೇರಿಸಿ ಹೇಳಬೇಕು. ವಿಕೋಪ ಬಂದಾಗ ಸದಸ್ಯರ ಬಟವಾಡೆಯಲ್ಲಿ ಲೀಟರಿಗಿಷ್ಟು ಹಿಡಿದು ಒಟ್ಟಿಗೆ ಕೊಟ್ಟರೆ ಸುಲಭ ಎಂದು ಅನ್ನಿಸುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಕೇಳದೆ ಹಿಡಿದ ದುಡ್ಡು ದಾನವಲ್ಲ, ಕಡಿತ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದ ಹೆಂಗಸಿನ ಎರಡು ರೂಪಾಯಿ ಅದು. ಸಭೆಯಲ್ಲಿ ಕೇಳಿ, ಬೇಡ ಎನ್ನುವವರನ್ನು ಬಿಡಿ, ನಡಾವಳಿಯಲ್ಲಿ ಬರೆಯಿರಿ, ಎಲ್ಲಿಗೆ ಹೋಯಿತು ಎಂದು ಮುಂದಿನ ಸಭೆಯಲ್ಲಿ ಓದಿ. ನಾವೇ ಲೆಕ್ಕ ಹೇಳದಿದ್ದರೆ ಹೊರಗಿನವರನ್ನು ಲೆಕ್ಕ ಕೇಳುವ ಬಾಯಿ ನಮಗೆಲ್ಲಿರುತ್ತದೆ?

ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಸಂಘಗಳಲ್ಲಿ ವಾರ್ಷಿಕ ಮಹಾಸಭೆ ನಡೆಯುತ್ತದೆ. ಬೋನಸ್ ಎಷ್ಟು ಎಂದು ಕೇಳುವಾಗ ಇದನ್ನೂ ಕೇಳಿ: "ಇನ್ನು ಮುಂದೆ ಯಾರಾದರೂ ಪರಿಹಾರಕ್ಕೆ ಚಂದಾ ಕೇಳಿ ಬಂದರೆ ನಮ್ಮ ಸಂಘದ ಪದ್ಧತಿ ಏನು?" ಡೈರಿ ಬಾಗಿಲಲ್ಲಿ ನಗದು ಕೊಡುವುದಿಲ್ಲ, ಸಭೆ ಮಾಡಿಯೇ ಕೊಡುತ್ತೇವೆ, ಚೆಕ್ಕಿನಲ್ಲೇ ಕೊಡುತ್ತೇವೆ, ರಸೀದಿ ಗೋಡೆಗೆ ಅಂಟಿಸುತ್ತೇವೆ ಎಂದು ನಾಲ್ಕು ಸಾಲು ಬರೆಸಿ. ಸಂಘದ ನಿಧಿಯಿಂದಲೇ ಕೊಡುವುದಾದರೆ ಬೈಲಾದಲ್ಲಿ ಏನಿದೆ ಎಂದು ವಿಸ್ತರಣಾಧಿಕಾರಿಯನ್ನು ಕೇಳಿ ತಿಳಿದುಕೊಳ್ಳಿ. ಆ ದುಡ್ಡಿನಲ್ಲಿ ಒಂದು ಪಾಲನ್ನು ನಿಮ್ಮ ಊರಿನ ಕಷ್ಟಕ್ಕೆಂದು ಇಡಲು ಸಾಧ್ಯವೇ ಎಂಬುದನ್ನೂ ಚರ್ಚಿಸಿ. ಸಿಡಿಲಿಗೆ, ಬೆಂಕಿಗೆ ಸುದ್ದಿವಾಹಿನಿಗಳು ಬರುವುದಿಲ್ಲ, ವ್ಯಾನೂ ಬರುವುದಿಲ್ಲ.

ಗುಬ್ಬಿಯ ಆ ಊರಿಗೆ ನಾನು ಮತ್ತೆ ಹೋಗಿದ್ದೆ. ಹಾಲು ಹಾಕಲು ಬಂದವರೆಲ್ಲರ ಎದುರು, "ಅವತ್ತು ನಾನು ವಿಚಾರಿಸದೆ ಕೊಡಿ ಅಂದದ್ದು ತಪ್ಪು" ಎಂದು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹಿರಿಯಕ್ಕ, "ನೀವ್ ಒಬ್ರೇ ಏನ್ ಮಾಡ್ತೀರಿ ಡಾಕ್ಟ್ರಮ್ಮ, ನಮಗೂ ಬಾಯಿ ಇತ್ತಲ್ಲ" ಎಂದರು. ಕಾರ್ಯದರ್ಶಿ ಒಂದು ಹೊಸ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ಆ ಸಿಡಿಲು ಬಡಿದ ಮನೆಯ ಹೆಸರು ಬರೆದರು. ಯಾರು ಎಷ್ಟು ಕೊಟ್ಟರು, ಆಕೆಗೆ ಯಾವತ್ತು ತಲುಪಿತು, ಆಕೆಯ ಸಹಿ, ಎಲ್ಲಕ್ಕೂ ಗೆರೆ ಎಳೆದರು. ಮುಂದಿನ ಬಟವಾಡೆಯ ದಿನ ಆ ಪುಟ ತುಂಬಿತು. ಆಕೆ ಈಗ ಒಂದು ಕಡಸು ಸಾಕುತ್ತಿದ್ದಾರೆ. ಹೋದ ತಿಂಗಳು ಅದಕ್ಕೆ ಜಂತುಹುಳುವಿನ ಔಷಧಿ ಹಾಕಿ ಬಂದೆ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಕೆಚ್ಚಲು ಬಾವಿನ ಬಗ್ಗೆ ಬರೆಯುತ್ತೇನೆ. ಅಷ್ಟರಲ್ಲಿ ನಿಮ್ಮ ಸಂಘದಲ್ಲಿ ಇಂಥ ನೋಟ್‌ಬುಕ್ ಇದ್ದರೆ, ಇಲ್ಲವೇ ಇದಕ್ಕಿಂತ ಒಳ್ಳೆಯ ಪದ್ಧತಿ ಇದ್ದರೆ, ಹಾಲಿನ ಗಾಡಿಯವರ ಕೈಯಲ್ಲಿ ಮಲ್ಲಸಂದ್ರದ ಕಚೇರಿಗೆ ಒಂದು ಚೀಟಿ ಕಳಿಸಿ. ಬೇರೆ ಸಂಘದವರಿಗೂ ತಿಳಿಯಲಿ.

ಇಂತಿ ನಿಮ್ಮ,
ಪಶುವೈದ್ಯಾಧಿಕಾರಿ
ತುಮಕೂರು